ಬಲಗಡೆ ಮೆಟ್ಟಿಲು

ನಮ್ಮೂರ ಪುರಸಭೆ ಕಟ್ಟಡ ಕಟ್ಟಿಸಿದ್ದು ಫ್ರೆಂಚರು. ಕಮಾನುಗಳನ್ನ ನಮ್ಮ ಮಸೀದಿ ನೋಡಿ ಕದ್ದರು, ಹಸಿರು ಹೆಂಚಿನ ಗುಮ್ಮಟವನ್ನೂ ಕದ್ದರು. ಮೆಟ್ಟಿಲು ಮಾತ್ರ ಅವರದೇ. ಅಂಗಳದಿಂದ ಎಡಕ್ಕೊಂದು ಬಲಕ್ಕೊಂದು ಹೊರಟು, ಮೇಲೆ ಮದುವೆ ಕೋಣೆಯ ಬಾಗಿಲಲ್ಲಿ ಕೂಡುತ್ತವೆ. ಹೆಣ್ಣು ಎಡಗಡೆ ಹತ್ತಬೇಕು, ಸಹಿ ಹಾಕಿ ಬಲಗಡೆ ಇಳಿಯಬೇಕು. ಹತ್ತಿದ ಮೆಟ್ಟಿಲನ್ನೇ ಇಳಿದವಳು ತವರಿಗೆ ವಾಪಸ್ ಬರ್ತಾಳೆ. ನಾನು ಬಂದಿದ್ದೀನಲ್ಲ, ಇನ್ನೇನು ಸಾಕ್ಷಿ ಬೇಕು? ನನ್ನ ಮದುವೆ ದಿನ ಬಲಗಡೆ ಸುಣ್ಣ ಬಳೀತಿದ್ರು. ಆಮೇಲೆ ಮಗಳು ಶಿರಾಜ್‌ಗೆ ನಡಿಗೆ ಬರೋ ಮುಂಚೆಯೇ ಅವಳನ್ನ ಕಂಕುಳಲ್ಲಿ ಎತ್ಕೊಂಡು ತವರು ಮನೆ ಬಾಗಿಲು ತಟ್ಟಿದೆ.

ಇವತ್ತು ಅದೇ ಶಿರಾಜ್ ಮದುವೆ. ಬಂದು ನೋಡಿದರೆ, ಬಲಗಡೆ ಮೆಟ್ಟಿಲಿಗೆ ಅಡ್ಡಡ್ಡ ಹಲಗೆ ಹೊಡೆದಿದ್ದಾರೆ!

"ಬಿರುಕು ಬಿಟ್ಟಿದೆ ಝೊಹ್ರಾ," ಅಂದ ಗುಮಾಸ್ತ ಮುಂಜಿ. "ಟ್ಯುನಿಸ್‌ನಿಂದ ಎಂಜಿನಿಯರ್ ಬಂದು ನೋಡೋವರೆಗೂ ತೆಗೆಯೋ ಹಾಗಿಲ್ಲ. ಹತ್ತಿದ ಕಡೆಯಿಂದಲೇ ಇಳಿಸು. ಆಕಾಶವೇನು ಕಳಚಿ ಬೀಳಲ್ಲ."

"ಬಿದ್ದಿದ್ದು ನನ್ನ ತಲೆ ಮೇಲೆ ಕಣೋ, ನಿನ್ನ ಬೋಳು ತಲೆ ಮೇಲಲ್ಲ! ಕೀಳು ಹಲಗೆ."

"ಮೆಟ್ಟಿಲು ಕುಸಿದ್ರೆ?"

"ಕುಸಿದ್ರೆ ನಿನ್ನ ಮೇಲೇ ಕುಸೀಲಿ!"

ಅವನು ಗೊಣಗುತ್ತಾ ಮೇಲೆ ಹೋದ. ಮದುವೆ ಹೆಣ್ಣು ಗಂಡನ್ನ ಕರ್ಕೊಂಡು ಎಲ್ಲರೂ ಎಡಗಡೆಯಿಂದ ಹತ್ತಿ ಹೋದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಳ ಸುತ್ತಿದೆ, ಬಂದು ಹಲಗೆ ಜಗ್ಗಿದೆ, ಮತ್ತೆ ಸುತ್ತಿದೆ. ಎಡಗೈ ಮುಷ್ಟಿಯಲ್ಲಿ ಮಗಳ ಮೇಲೆ ಎಸೆಯೋಕೆ ಇಟ್ಟುಕೊಂಡಿದ್ದ ಸಕ್ಕರೆ ಬಾದಾಮಿ ಬೆವರಿಗೆ ಅಂಟಾಯಿತು. ಬಲಗೈಗೆ ಮೊಳೆ ತರಚಿ ರಕ್ತ ಬಂತು. ಅಷ್ಟರಲ್ಲಿ ಮೇಲೆ ದರ್ಬೂಕಾ ಡೋಲು ಬಡಿಯೋಕೆ ಶುರುವಾಯಿತು. ಸಹಿ ಮುಗಿದಿತ್ತು.

ಶಿರಾಜ್ ಬಾಗಿಲಿಗೆ ಬಂದಳು, ಪಕ್ಕದಲ್ಲಿ ಗಂಡ ಶಿಹೇಬ್.

"ನಿಲ್ಲೇ! ಅಲ್ಲೇ ನಿಲ್ಲು!" ಅಂತ ಕಿರುಚಿದೆ. "ಒಂದು ಹಲಗೆ ಸಡಿಲ ಆಗಿದೆ!"

ಅವಳು ಹಲಗೆ ನೋಡಿದಳು, ನನ್ನನ್ನ ನೋಡಿದಳು. ಲಂಗ ಎತ್ತಿ ಹಿಡಿದು, ಎಡಗಡೆ ಮೆಟ್ಟಿಲಿಗೆ ಕಾಲಿಟ್ಟೇಬಿಟ್ಟಳು. ದರ್ಬೂಕಾ ನಿಂತುಹೋಯಿತು. ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ಅವಳು ನೇರ ಇಳಿದು ಬಂದು ನನ್ನ ರಕ್ತದ ಕೈ ಹಿಡ್ಕೊಂಡಳು.

"ಅಮ್ಮಾ, ನಿನ್ನನ್ನ ವಾಪಸ್ ಕಳಿಸಿದ್ದು ಮೆಟ್ಟಿಲಲ್ಲ. ಅಪ್ಪ."

ನಮ್ಮ ಮನೆಯಲ್ಲಿ ಆ ಮಾತನ್ನ ಬಾಯಿಬಿಟ್ಟು ಹೇಳಿದವರೇ ಇಲ್ಲ. ಇಷ್ಟು ವರ್ಷ ಈ ದಾರಿಯಲ್ಲಿ ಹೋಗುವಾಗೆಲ್ಲ ಈ ಕಲ್ಲುಗಳಿಗೆ ಶಾಪ ಹಾಕಿದ್ದೆ. ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಅವಳ ಹಿಂದೆಯೇ ಇಳಿದು ಬಂದಿದ್ದ ಅಳಿಯನ ಕಡೆ ತಿರುಗಿದೆ.

"ಲೋ ಶಿಹೇಬ್, ಕೇಳಿಸ್ತೇನೋ?"

ಅವನು ತಲೆ ಆಡಿಸಿದ. "ಕೇಳಿಸ್ತು ಅತ್ತೆ."

"ಕೇಳಿಸಿದ್ರೆ ಸರಿ. ಇನ್ಮೇಲೆ ನಾನು ಮೆಟ್ಟಿಲು ನೋಡಲ್ಲ, ನಿನ್ನನ್ನ ನೋಡ್ತಿರ್ತೀನಿ."

ಅಂಗೈಗೆ ಅಂಟಿದ್ದ ಬಾದಾಮಿ ಕಿತ್ತು ಅವನ ಮೇಲೆ ಎಸೆದೆ, ಸ್ವಲ್ಪ ಜೋರಾಗೇ.