ಮೊಗ್ಗು ಹಿಡಿಯದ ಸೇವಂತಿಗೆ

ಕೆಳಗೆ ಅಂಗಳದಲ್ಲಿ ಮುನಿಯಣ್ಣನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರೆ, ಚಿಕ್ಕಬೈರಪ್ಪ ಅದೇ ಮನೆಯ ತಾರಸಿಯ ಮೇಲೆ ಗೋಣಿಚೀಲಗಳನ್ನು ಎತ್ತೆತ್ತಿ ನೋಡುತ್ತಿದ್ದ. ಹೂ ಕೊಯ್ಯಲು ಬಂದೆ ಎಂದು ಹೇಳಲಿಕ್ಕೆ ಕೈಯಲ್ಲೊಂದು ಬುಟ್ಟಿಯಿತ್ತು. ಹುಡುಕುತ್ತಿದ್ದದ್ದು ಮಾತ್ರ ಗಿಡದ ಔಷಧಿಯ ಬಾಟಲಿಯನ್ನು.

ಪದ್ಮನಾಭನಗರ ಇನ್ನೂ ಹೊಲವಾಗಿದ್ದಾಗ ಇಬ್ಬರ ಅಪ್ಪಂದಿರೂ ಒಂದೇ ಬಾವಿಯ ನೀರಿನಲ್ಲಿ ಹೂ ಬೆಳೆದವರು. ಹೊಲ ಹೋಗಿ ಬಾಡಿಗೆ ಮನೆಗಳು ಎದ್ದವು. ದಾಯಾದಿಗಳಿಗೆ ಉಳಿದದ್ದು ಅಕ್ಕಪಕ್ಕದ ತಾರಸಿ, ಅದರ ಮೇಲೆ ಸೇವಂತಿಗೆ ಕುಂಡಗಳು. ಬಡಾವಣೆಯ ಹೂಕುಂಡ ಸ್ಪರ್ಧೆಯಲ್ಲಿ ಬಹುಮಾನ ಪ್ರತಿ ಸಲವೂ ಮುನಿಯಣ್ಣನಿಗೇ. ಮೊಣಕಾಲೆತ್ತರ ದಾಟದ ಗಿಡ, ಎಲೆಯೇ ಕಾಣದಷ್ಟು ಹೂ. ಚಿಕ್ಕಬೈರಪ್ಪನ ಗಿಡಗಳೋ ಆಳೆತ್ತರ ಬೆಳೆದು, ಒಂದು ಮೊಗ್ಗೂ ಇಲ್ಲದೆ ನಿಲ್ಲುತ್ತಿದ್ದವು. ಗಿಡವನ್ನು ಗಿಡ್ಡವಾಗಿಸುವ ಔಷಧಿ ತಂದು ಸಿಂಪಡಿಸಿದ. ಕೆಲವು ದಿನ ತಡೆದು ಮತ್ತೆ ಎದ್ದವು. ಮುನಿಯಣ್ಣನ ಹತ್ತಿರ ಬೇರೇನೋ ಇದೆ, ಬಾಯಿ ಬಿಡುತ್ತಿಲ್ಲ ಎಂಬ ಹೊಟ್ಟೆಯುರಿಯಲ್ಲಿ ಅವನಿಗೆ ಉಂಡ ಅನ್ನ ರುಚಿಸುತ್ತಿರಲಿಲ್ಲ. ಇವತ್ತು ಸಿಗದಿದ್ದರೆ ಆ ಗುಟ್ಟು ಮುನಿಯಣ್ಣನ ಜೊತೆಗೇ ಗುಂಡಿ ಸೇರುತ್ತದೆ.

ನೀರಿನ ಟ್ಯಾಂಕಿನ ಹಿಂದೆ ಬಾಟಲಿ ಸಿಕ್ಕಿತು. ಕನ್ನಡಕ ಸರಿಮಾಡಿಕೊಂಡು ಓದಿದ. ತನ್ನ ಮನೆಯಲ್ಲಿದ್ದದ್ದೂ ಇದೇ.

“ಏನ್ ಹುಡುಕ್ತಿದ್ದೀರಾ ಭಾವ?”

ಮುನಿಯಣ್ಣನ ಹೆಂಡತಿ ಮರಿಯಮ್ಮ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಗಂಡನ ಮೇಲೆ ಹಾಕಲು ಹೂ ಕೊಯ್ಯಲೆಂದು ಬಂದಿದ್ದಳು.

“ಔಷಧಿ ನೋಡ್ತಿದ್ದೆ ಕಣಮ್ಮ. ಇದೊಂದೇನಾ ಹಾಕ್ತಿದ್ದಿದ್ದು?”

“ಅದೊಂದೇ. ಗಿಡ ಉದ್ದ ಹೋಗೋದನ್ನ ಅದು ತಡೆಯುತ್ತೆ ಅಷ್ಟೇ, ಹೂ ಬರ್ಬೇಕು ಅಂದ್ರೆ ಕತ್ತಲು ಬೇಕು ಅಂತಿದ್ರು. ಅದಕ್ಕೇ ಸಂಜೆ ಆದ್ರೆ ಸಾಕು, ಕರಿ ಬಟ್ಟೆ ಹೊದಿಸೋರು. ಅದಕ್ಕೋಸ್ಕರ ಒಂದು ಮದುವೆಗೂ ರಾತ್ರಿ ಉಳಿದೋರಲ್ಲ.”

“ನನ್ನ ಕಣ್ಣು ಬೀಳ್ಬಾರ್ದು ಅಂತ ಹೊದಿಸ್ತಾನೆ ಅಂದ್ಕೊಂಡಿದ್ದೆ.”

“ನಿಮ್ಮ ಕಣ್ಣಲ್ಲ ಭಾವ, ನಿಮ್ಮ ಲೈಟು. ನಿಮಗೂ ಹೇಳಿದ್ರಂತಲ್ಲ?”

* * *

ಹೇಳಿದ್ದ. ಕುಂಡ ಯಾರಾದರೂ ಕದ್ದಾರೆಂದು ಚಿಕ್ಕಬೈರಪ್ಪ ತಾರಸಿಗೆ ಫೋಕಸ್ ಲೈಟು ಹಾಕಿಸಿದ ವಾರವೇ ಮುನಿಯಣ್ಣ ಗೇಟಿನ ಹತ್ತಿರ ಬಂದಿದ್ದ.

“ಅಣ್ಣ, ರಾತ್ರಿ ಆ ಲೈಟ್ ಆರ್ಸಿಬಿಡು. ಬೆಳಕಿದ್ರೆ ಸೇವಂತಿಗೆ ಮೊಗ್ಗು ಹಿಡಿಯಲ್ಲ.”

“ಯಾರ್ದು ಹಿಡಿಯಲ್ಲ?”

“ನಂದೂ ಅಷ್ಟೇ, ನಿಂದೂ ಅಷ್ಟೇ.”

ಮುನಿಯಣ್ಣನದು ಹಿಡಿಯುವುದಿಲ್ಲ ಎಂಬುದಷ್ಟೇ ಚಿಕ್ಕಬೈರಪ್ಪನ ತಲೆಗೆ ಹೋದದ್ದು. ಖುಷಿಯಾಯಿತು. ಮಾರನೆಯ ದಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಇನ್ನೊಂದು ಲೈಟು ಹಾಕಿಸಿ, ಅದನ್ನು ಪಕ್ಕದ ತಾರಸಿಯ ಕಡೆಗೇ ತಿರುಗಿಸಿದ.

* * *

ಅವರದು ಹೂ ಬೆಳೆದ ವಂಶ. ಹೆಣ ಎತ್ತುವ ಮುಂಚೆ ಪ್ರತಿಯೊಬ್ಬ ದಾಯಾದಿಯೂ ತನ್ನಲ್ಲೇ ಬೆಳೆದ ಹೂ ತಂದು ಇಡುವುದು ರೂಢಿ. ಮುನಿಯಣ್ಣ ಕುತ್ತಿಗೆಯವರೆಗೂ ತನ್ನದೇ ಹಳದಿ ಸೇವಂತಿಗೆ ಹೊದ್ದು ಮಲಗಿದ್ದ. ಬಂದವರೆಲ್ಲ ಅವನ ಮುಖಕ್ಕಿಂತ ಹೂವನ್ನೇ ನೋಡುತ್ತಿದ್ದರು. ಸತ್ತು ಮಲಗಿಯೂ ಬಹುಮಾನ ಹೊಡೆದನಲ್ಲ ಎಂದು ಚಿಕ್ಕಬೈರಪ್ಪನಿಗೆ ಮೈ ಉರಿಯಿತು. ಆ ಉರಿಯ ಮೇಲೆ ಅವನಿಗೇ ಅಸಹ್ಯವೂ ಆಯಿತು.

“ದೊಡ್ಡಪ್ಪ, ನಿಮ್ಮನೆ ಹೂವು?” ಎಂದ ಮುನಿಯಣ್ಣನ ಮಗ ಮಹೇಶ. ಆಮೇಲೆ ದನಿ ತಗ್ಗಿಸಿ, “ಇಲ್ದಿದ್ರೆ ಅಪ್ಪಂದೇ ಎರಡು ತಗೊಂಡು ಇಟ್ಬಿಡಿ. ಯಾರಿಗ್ ಗೊತ್ತಾಗುತ್ತೆ.”

ಚಿಕ್ಕಬೈರಪ್ಪ ಮನೆಗೆ ಹೋಗಿ ತಾರಸಿ ಹತ್ತಿದ. ಹೊರುವವರು ಚಟ್ಟ ಎತ್ತಲು ಕಾಯುತ್ತಿದ್ದಾಗ ಒಂದು ಗಿಡವನ್ನು ಬುಡಕ್ಕೇ ಕೊಯ್ದು, ತೋಳಿಗೆ ಒರಗಿಸಿಕೊಂಡು ಬಂದ.

“ಇದ್ಯಾವ ಸೊಪ್ಪು ಅಂಕಲ್?” ಎಂದು ಮುನಿಯಣ್ಣನ ಬಾಡಿಗೆ ಮನೆಯ ಪ್ರಿಯಾಂಕಾ ಕೇಳಿದಳು.

“ಸೇವಂತಿಗೆ ಕಣಮ್ಮ.”

ಎಲ್ಲರೆದುರು ಬಗ್ಗಿ ಅದನ್ನು ತಮ್ಮನ ಎದೆಯ ಮೇಲೆ ಉದ್ದಕ್ಕೆ ಇಟ್ಟ. ಅಷ್ಟು ಹಳದಿಯ ನಡುವೆ ಅದೊಂದೇ ಬರಿ ಹಸಿರು. ಮುನಿಯಣ್ಣನ ಪಾದವನ್ನೂ ದಾಟಿ, ಚಟ್ಟದ ಅಂಚಿನಿಂದ ಒಂದು ಗೇಣು ಆಚೆಗೆ ಚಾಚಿಕೊಂಡಿತ್ತು.