ಮುಟ್ಟಿದರೆ ಸಾಕು

ಲಿಫ್ಟಿನ ಗುಂಡಿಯ ಸುತ್ತ ಕೊಳೆ ಕಟ್ಟಿದೆ, ಉಗುರು ಹಾಕಿ ಕೆರೆದರೂ ಬರುವಂತಿಲ್ಲ, ಥೂ — ಇಂಥದ್ದನ್ನು ನೋಡಿಯೇ ಅಲ್ಲವೇ ವೃದ್ಧರ ವಾರ್ಡಿನ ಹಳೆಯ ಕರೆಗಂಟೆಗಳನ್ನೆಲ್ಲ ನಾನು ಕಿತ್ತು ಹಾಕಿಸಿದ್ದು, ಗುಂಡಿಯ ಸಂದಿಯಲ್ಲಿ ಅನ್ನ, ಎಂಜಲು, ಇನ್ನೂ ಏನೇನೋ — ಈ ಆಸ್ಪತ್ರೆಗೆ ಮಂಚದಿಂದ ಹಿಡಿದು ಮೂಗಿನ ನಳಿಕೆಯವರೆಗೆ ಆರಿಸಿ ತರಿಸುವವಳು ನಾನು, ನನ್ನ ಮುಂದೆ ಕಂಪನಿಯವರ ಬೇಳೆ ಬೇಯುವುದಿಲ್ಲ ಅನ್ನುತ್ತಾರೆ, ಅನ್ನಲಿ, ಈ ಲಿಫ್ಟೊಂದು ಬೇಗ ಬರಬಾರದೇ, ಆ ವಾರ್ಡಿನಲ್ಲಿ ಇಷ್ಟು ಹೊತ್ತಿಗೆ ಅಪ್ಪನ ಕೈಯನ್ನು ಮಂಚಕ್ಕೆ ಕಟ್ಟಿಬಿಟ್ಟಿರುತ್ತಾರೆ. ಒಪ್ಪಿಗೆಗೆ ಸಹಿ ಹಾಕಿ ಕಳಿಸಿದ್ದೇನೆ, ಹಾಕದೆ ಇನ್ನೇನು ಮಾಡಲಿ, ನಿನ್ನೆ ಮಂಚದಿಂದ ಎದ್ದು ಬಿದ್ದು ಹುಬ್ಬು ಒಡೆದುಕೊಂಡ, ಇನ್ನೊಮ್ಮೆ ಬಿದ್ದರೆ ಸೊಂಟವೇ ಹೋಗುತ್ತದೆ, ಸೊಂಟ ಹೋದರೆ ಅಪ್ಪ ಮತ್ತೆ ಏಳುವುದಿಲ್ಲ, ಅದನ್ನು ನನಗೆ ಡಾಕ್ಟರು ಹೇಳಬೇಕಾಗಿಲ್ಲ. ನೋಡಿ ಮೇಡಂ, ಬೆಲ್ಲು ಕೈ ಪಕ್ಕದಲ್ಲೇ ಇದೆ, ಒತ್ತಲ್ಲ, ತಾವೇ ಎದ್ದು ಹೋಗ್ತಾರೆ, ಕೇಳಿದ್ರೆ ಒತ್ತಿದೆ ಒತ್ತಿದೆ ಅಂತಾರೆ, ಸ್ವಲ್ಪ ಅರಳುಮರಳು ಶುರುವಾಗಿದೆ ಅನ್ಸುತ್ತೆ, ಅಂದಿದ್ದರು ಸಿಸ್ಟರ್. ನಾನೂ ಬೈದೆನಲ್ಲ, ಯಾಕಪ್ಪಾ ಸುಳ್ಳು ಹೇಳ್ತೀಯ, ಒತ್ತಿದ್ರೆ ಲೈಟು ಹತ್ತುತ್ತೆ, ಸಿಸ್ಟರ್ ಓಡಿ ಬರ್ತಾರೆ, ನಾನೇ ತರಿಸಿದ ಸಾಮಾನು ನನಗೆ ಗೊತ್ತಿಲ್ವಾ. ಅಪ್ಪ ಗೋಡೆಯ ಕಡೆ ತಿರುಗಿಕೊಂಡ, ಓ, ನೀನು ತರಿಸಿದ್ದಾ, ಹಾಗಾದ್ರೆ ತಪ್ಪು ನಂದೇ ಬಿಡು. ಉರಿದುಹೋಯಿತು ನನಗೆ, ದರ್ಜಿ ಬುದ್ಧಿ, ಪ್ಯಾಂಟು ಬಿಗಿಯಾಯಿತೆಂದು ಜಗಳಕ್ಕೆ ಬಂದ ಗಿರಾಕಿಗೂ ಹೀಗೇ ಅನ್ನುತ್ತಿದ್ದ — ನಿಮ್ಮ ಹೊಟ್ಟೆ ಸರಿಯಾಗೇ ಇದೆ ಸ್ವಾಮಿ, ನನ್ನ ಟೇಪೇ ಗಿಡ್ಡ.

ಬಂತು ಲಿಫ್ಟು, ಒಳಗೆ ಫಿನಾಯಿಲು, ಯಾರದೋ ಗಾಲಿಕುರ್ಚಿ, ಸ್ವಲ್ಪ ಸರೀರಪ್ಪಾ — ಟೈ ಕಟ್ಟಿಕೊಂಡ ಕಂಪನಿಯವನು ಆ ಹೊಸ ಕರೆಗಂಟೆಯ ಹಲಗೆಯನ್ನು ಮೊದಲ ಸಲ ನನ್ನ ಮೇಜಿನ ಮೇಲಿಟ್ಟದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಗುಂಡೀನೇ ಇಲ್ಲ ನೋಡಿ ಮೇಡಂ, ಫೋನಿನ ಪರದೆ ಥರ, ನುಣುಪು, ಒಂದ್ಸಲ ಒರೆಸಿದ್ರೆ ಫಳಫಳ, ಒತ್ತೋದೂ ಬೇಡ, ಮುಟ್ಟಿದ್ರೆ ಸಾಕು. ಮುಟ್ಟಿದೆ, ನೀಲಿ ಬೆಳಕು, ಟಿಣ್, ಮೇಟ್ರನ್ ಮುಟ್ಟಿದರು, ಟಿಣ್, ಡಾಕ್ಟರು ಮುಟ್ಟಿದರು, ಟಿಣ್, ಮಕ್ಕಳ ಹಾಗೆ ಎಲ್ಲರೂ ನಗುತ್ತ ಮುಟ್ಟಿದ್ದೇ ಮುಟ್ಟಿದ್ದು. ಹಳೆಯ ಗಂಟೆಗಳು ದಿನವಿಡೀ ಬಡಿದುಕೊಳ್ಳುತ್ತಿದ್ದವು, ಇವು ಬಂದ ಮೇಲೆ ವಾರ್ಡು ಎಷ್ಟು ತಣ್ಣಗಾಯಿತೆಂದರೆ ಸಿಸ್ಟರುಗಳೆಲ್ಲ ನನ್ನ ಬೆನ್ನು ತಟ್ಟಿದರು — ಆ ಚಮಚದ ತಾತ ಒಬ್ಬನನ್ನು ಬಿಟ್ಟರೆ, ಅಪ್ಪನ ಪಕ್ಕದ ಹಾಸಿಗೆಯವನು, ಮಾತು ಬಿದ್ದುಹೋಗಿದೆ, ಸ್ಟೀಲು ಚಮಚ ಹಿಡಿದು ಮಂಚದ ಕಂಬಿಗೆ ಟಣ ಟಣ ಟಣ, ತಲೆ ಚಿಟ್ಟು ಹಿಡೀತಿದೆ ಮೇಡಂ ಏನಾದ್ರೂ ಮಾಡಿ, ಮಾಡಿದೆ, ಇಡೀ ವಾರ್ಡಿಗೆ ಪ್ಲಾಸ್ಟಿಕ್ ಚಮಚ ತರಿಸಿದೆ, ಅದಕ್ಕೂ ಶಹಭಾಸ್ ಅನ್ನಿಸಿಕೊಂಡೆ.

ಕಟ್ಟಿದ್ದಾರೆ. ವಾರ್ಡಿನ ಬಾಗಿಲಲ್ಲೇ ಕಾಲು ನಿಂತುಹೋಯಿತು, ಎರಡೂ ಮಣಿಕಟ್ಟಿಗೆ ಪಟ್ಟಿ, ಒಳಗೆ ಸ್ಪಂಜಿರುವ ಪಟ್ಟಿ, ಚರ್ಮ ತರಚಬಾರದೆಂದು ನಾನೇ ಕೆನ್ನೆಗೆ ಉಜ್ಜಿ ನೋಡಿ ಆರಿಸಿದ್ದು, ಬಲಗೈ ಕಂಬಿಗೆ ಬಿಗಿದಿದ್ದಾರೆ, ಹಲಗೆ ಅಲ್ಲೇ ಪಕ್ಕದಲ್ಲಿ, ತೋರುಬೆರಳು ಅದರ ಮೇಲೆ ಏಳುತ್ತಿದೆ, ಬೀಳುತ್ತಿದೆ, ಸುಮ್ಮನೆ ಕುಟ್ಟುತ್ತಿದ್ದಾನೆ ಅಂದುಕೊಂಡೆ, ಎಲ್ಲೋ ಅಂಚಿಗೆ ಒತ್ತುತ್ತಿರಬೇಕು ಅಂದುಕೊಂಡೆ, ಹತ್ತಿರ ಹೋದೆ — ಅಂಚಿಗಲ್ಲ, ಹಲಗೆಯ ಮೇಲಿನ ವೃತ್ತದ ನಟ್ಟನಡುವೆ, ಜೀವಮಾನವಿಡೀ ಸೂಜಿಗೆ ದಾರ ಪೋಣಿಸಿದವನ ಗುರಿ ತಪ್ಪುತ್ತದೆಯೇ, ಬೆರಳು ಕೂತಿತು, ಉಗುರು ಬೆಳ್ಳಗಾಗುವಷ್ಟು ಒತ್ತಿದ, ಬೆಳಕಿಲ್ಲ. ಕೆಟ್ಟಿದೆ, ಇದೊಂದು ಕೆಟ್ಟಿದೆ ಅಷ್ಟೇ, ಬದಲಿಸಿದರಾಯಿತು, ನಾನು ಮುಟ್ಟಿದೆ — ಟಿಣ್, ನೀಲಿ, ಸಿಸ್ಟರ್ ಓಡಿ ಬಂದರು, ಏನ್ ಮೇಡಂ, ಏನ್ ಬೇಕಿತ್ತು? ಅಪ್ಪ ನನ್ನ ಮುಖ ನೋಡಿದ, ಕೊಂಕೂ ಇಲ್ಲ, ಕೋಪವೂ ಇಲ್ಲ, ನೋಡಿದ್ಯಾ, ನೀನು ಕರೆದ್ರೆ ಬರ್ತಾರೆ. ಆ ಬೆರಳನ್ನು ಹಿಡಿದುಕೊಂಡೆ, ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ತುದಿ, ತಣ್ಣಗೆ, ಕಾಗದದ ಹಾಗೆ ಒಣಗಿದೆ, ಬೆವರಿನ ಪಸೆಯಿಲ್ಲ, ಪಸೆಯಿರುವ ಚರ್ಮಕ್ಕಷ್ಟೇ ಹತ್ತುವ ಈ ಹಲಗೆಗೆ ಅದು ಬೆರಳೇ ಅಲ್ಲ — ಕಂಪನಿಯವನು ಮುಟ್ಟಿದ, ನಾನು ಮುಟ್ಟಿದೆ, ಒಂದೇ ಒಂದು ಮುದಿ ಜೀವವನ್ನು ಕರೆದು ಮುಟ್ಟಿಸಿ ನೋಡಿದೆವಾ, ಅಯ್ಯೋ, ವಾರ್ಡು ತಣ್ಣಗಾಯಿತು ಅಂತ ಕುಣಿದೆವಲ್ಲ. ಪಟ್ಟಿ ಬಿಚ್ಚಿ ಸಿಸ್ಟರ್, ಡಾಕ್ಟರನ್ನ ಕೇಳದೆ ಹೇಗೆ ಮೇಡಂ, ನೀವೇ ಸಹಿ ಹಾಕಿದ್ದೀರಲ್ಲ, ಬಿಚ್ಚಿ ಅಂದೆನಲ್ಲ, ಇರಿ, ಪಟ್ಟಿಯ ಬೀಗಕ್ಕೆ ಕೀ ತರ್ತೀನಿ. ಏನು ಬೇಕಿತ್ತಪ್ಪಾ ನಿನಗೆ, ಹೇಳು, ಏನು ಬೇಕಿತ್ತು? ನಂಗೇನೂ ಬೇಡ ಕಣಮ್ಮ, ಇವನಿಗೆ ನೀರು, ಬೆಳಗಿಂದ ಸನ್ನೆ ಮಾಡಿ ಕೇಳ್ತಿದ್ದಾನೆ, ನಿನ್ನೆ ನಾನು ಎದ್ದಿದ್ದೂ ಅದಕ್ಕೇ. ಪಕ್ಕಕ್ಕೆ ತಿರುಗಿದೆ — ತಾತನ ತುಟಿ ಒಡೆದಿದೆ, ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ಚಮಚ, ಕಂಬಿಗೆ ಬಡಿಯುತ್ತಲೇ ಇದ್ದಾನೆ, ಸದ್ದೇ ಇಲ್ಲ. ಲೋಟ ತುಟಿಗೆ ಹಿಡಿದರೆ ಅರ್ಧ ನೀರು ಅವನ ಗದ್ದಕ್ಕೆ, ಕುಡೀರಿ ತಾತ, ನಿಧಾನ, ಕುಡೀರಿ, ಸಿಸ್ಟರ್ ಇನ್ನೂ ಬರಲಿಲ್ಲ, ಪಟ್ಟಿಯ ಕೊಂಡಿ ಎಳೆದೆ, ಜಗ್ಗಿದೆ, ಬರುವುದಿಲ್ಲ, ನನ್ನ ಕೈಗೂ ಬರುವುದಿಲ್ಲ, ನಾನು ಇಲ್ಲೇ ಇದ್ದೀನಿ ಅಪ್ಪಾ, ಕೊಟ್ಟೆ ನೀರು, ಸಾಕು ಬಿಡು, ಒತ್ತಬೇಡ, ಆದರೂ ಆ ಬೆರಳು ಏಳುತ್ತದೆ, ವೃತ್ತದ ನಟ್ಟನಡುವೆ ಕೂರುತ್ತದೆ, ಉಗುರು ಬೆಳ್ಳಗಾಗುತ್ತದೆ, ಬೆಳಕಿಲ್ಲ, ಏಳುತ್ತದೆ, ಕೂರುತ್ತದೆ, ಉಗುರು ಬೆಳ್ಳಗೆ, ಬೆಳಕಿಲ್ಲ