ಜಡೆ ಇಲ್ಲದ ಫೋಟೋ

ವಿದ್ಯಾವತಿ ಆಂಟಿ ಹರ್ಷಿಣಿಯ ಫೋಟೋಗಳನ್ನು ಊಟದ ಮೇಜಿನ ಮೇಲೆ ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡರು. ಅವನ್ನು ಕವರಿನಲ್ಲಿ ತುಂಬಿಕೊಂಡು, ಡಾಲಸ್ ಹತ್ತಿರದ ಲೂಯಿಸ್‌ವಿಲ್‌ನಿಂದ ಮೆಕಿನ್ನಿಯ ಅವರ ಮನೆಗೆ ತಂದವಳು ನಾನೇ. ದಾರಿಯುದ್ದಕ್ಕೂ ಕವರು ಪಕ್ಕದ ಸೀಟಿನಲ್ಲಿತ್ತು. ಅದಕ್ಕೆ ಸೀಟ್ ಬೆಲ್ಟನ್ನೂ ಹಾಕಿದ್ದೆ. ಯಾಕೆ ಅಂದರೆ ಹೇಳಲಾರೆ.

ಹರ್ಷಿಣಿ ನನ್ನ ರೂಮ್‌ಮೇಟ್. ಧಾರವಾಡದವಳು, ಪ್ಲೇನೋದ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಎರಡು ಸಾವಿರದ ಮೂರರ ಸೆಪ್ಟೆಂಬರಿನ ಒಂದು ಶನಿವಾರ ತನ್ನ ಹಳೇ ನೀಲಿ ಕಾರಿನಲ್ಲಿ ಒಬ್ಬಳೇ ಆಸ್ಟಿನ್‌ಗೆ ಹೊರಟಳು. ಅಲ್ಲಿನ ಸೇತುವೆಯೊಂದರ ಕೆಳಗೆ ಲಕ್ಷಗಟ್ಟಲೆ ಬಾವಲಿಗಳು ಮನೆ ಮಾಡಿಕೊಂಡಿವೆ. ಹೊತ್ತು ಮುಳುಗುವಾಗ ಹೊಗೆಯ ಹಾಗೆ ಎದ್ದು ಆಕಾಶಕ್ಕೆ ಹೋಗುತ್ತವೆ. ಅದನ್ನು ನೋಡಿಕೊಂಡು ಭಾನುವಾರ ಸಂಜೆಗೆ ಬರುತ್ತೇನೆ ಅಂದಿದ್ದಳು. ಬರಲಿಲ್ಲ. ಅವಳ ಸೆಲ್ ಫೋನಿಗೆ ಎಷ್ಟು ಸಲ ಮಾಡಿದರೂ ರಿಂಗೇ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಪೊಲೀಸರಿಗೆ ಹೇಳಿದೆ. ವಯಸ್ಸಿಗೆ ಬಂದವಳು, ತಾನಾಗೇ ಎಲ್ಲಿಗಾದರೂ ಹೋಗಿರಬಹುದು ಅಂದರು. ಆದರೂ ಇತ್ತೀಚಿನ ಒಂದು ಫೋಟೋ ಕೊಡಿ ಅಂದರು. ನನಗೆ ಗೊತ್ತಿದ್ದ ಹಿರಿಯರೆಂದರೆ ವಿದ್ಯಾವತಿ ಆಂಟಿಯ ಗಂಡ, ಕನ್ನಡ ಸಂಘದ ಉದಯಶಂಕರ ಅಂಕಲ್ ಒಬ್ಬರೇ. ಫೋನ್ ಮಾಡಿದ ಕೂಡಲೇ, "ಫೋಟೋ ಎಲ್ಲಾ ತಗೊಂಡು ಬಾಮ್ಮ, ಫ್ಲೈಯರ್ ಮಾಡ್ಸೋಣ. ಡಾಲಸ್, ಆಸ್ಟಿನ್, ಹ್ಯೂಸ್ಟನ್, ಎಲ್ಲಾ ಕಡೆ ಅಂಟಿಸೋಣ" ಅಂದಿದ್ದರು.

ನಾನು ಆರಿಸಿ ಮೇಲಿಟ್ಟಿದ್ದ ಫೋಟೋ ಜುಲೈ ತಿಂಗಳದು. ಲೂಯಿಸ್‌ವಿಲ್ ಕೆರೆಯ ಮೇಲೆ ದೋಣಿಯಲ್ಲಿ ಹರ್ಷಿಣಿ ಬಾಯಿ ತುಂಬ ನಗುತ್ತಿದ್ದಾಳೆ. ಕೂದಲು ಕಿವಿಯ ಮೇಲಕ್ಕೆ ಕತ್ತರಿಸಿದೆ. ತೋಳಿಲ್ಲದ ಅಂಗಿ. ಕೈಯಲ್ಲಿ ಬಿಯರ್ ಬಾಟಲು, ಹೆಗಲ ಮೇಲೆ ಆಫೀಸಿನ ಯಾವನೋ ಹುಡುಗನ ಕೈ.

ಆಂಟಿ ಅದನ್ನು ಎತ್ತಿ ನೋಡಿ ಮಗುಚಿ ಇಟ್ಟರು.

"ಇದು ಬೇಡ ಕಣೇ ಶ್ರಾವಣಿ."

"ಅವಳು ಈಗ ಇರೋದೇ ಹೀಗೆ ಆಂಟಿ."

"ಇರ್ಲಿ. ಇದನ್ನ ಗೋಡೆಗೆ ಅಂಟಿಸಿದ್ರೆ ಜನ ಹುಡುಕ್ತಾರೆ ಅಂದ್ಕೊಂಡಿದೀಯಾ? ನಿಂತ್ಕೊಂಡು ನೋಡ್ತಾರೆ, ಅಷ್ಟೆ. 'ಓ, ಇಂಥವಳಾ' ಅಂತ ಮುಂದಕ್ಕೆ ಹೋಗ್ತಾರೆ."

"ಮುಖ ಮಾತ್ರ ಕಟ್ ಮಾಡಿದ್ರೆ?"

"ಕೂದಲು ಎಲ್ಲಿ ಮುಚ್ಚಿಡ್ತೀಯ? ಅವ್ರಮ್ಮಂಗೆ ಗೊತ್ತಾ, ಕೂದಲು ಕತ್ತರಿಸಿರೋದು?"

ಗೊತ್ತಿರಲಿಲ್ಲ. ಅಂಕಲ್ ಕನ್ನಡಕ ಹಣೆಗೇರಿಸಿ ಇನ್ನೊಂದು ಫೋಟೋ ಮುಂದೆ ತಳ್ಳಿದರು. ಸಂಘದ ದೀಪಾವಳಿ ಕಾರ್ಯಕ್ರಮದ್ದು. ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ, ಹಣೆಗೆ ಕುಂಕುಮ, ಎದೆಯ ಮೇಲೆ ಮುಂದಕ್ಕೆ ಹಾಕಿಕೊಂಡ ಮೊಳಕಾಲುದ್ದದ ಜಡೆ. ಅವತ್ತು ಕೋಲಾಟಕ್ಕೆಂದು ಆಂಟಿಯೇ ಅವಳಿಗೆ ಚೌರಿ ಸೇರಿಸಿ ಹೆಣೆದಿದ್ದರು. ಸ್ಟೇಜಿನಿಂದ ಇಳಿದ ಮೇಲೆ ಹರ್ಷಿಣಿ ಅದನ್ನು ಹಾವಿನ ಹಾಗೆ ಬೀಸಿ ಮಕ್ಕಳನ್ನು ಅಟ್ಟಿಸಿಕೊಂಡು ಓಡಿದ್ದಳು.

"ಲಕ್ಷಣವಾಗಿದೆ. ಇದನ್ನ ನೋಡಿದ್ರೆ ಯಾರಿಗಾದ್ರೂ ಅಯ್ಯೋ ಅನ್ಸುತ್ತೆ" ಅಂದರು ಅಂಕಲ್. ಪೊಲೀಸರಿಗೂ ಅದನ್ನೇ ಕೊಟ್ಟರು.

ಆಂಟಿ ನನಗೆ ಮೊಸರನ್ನ ಕಲಸಿ ಕೊಟ್ಟು, ಎದುರು ಕೂತು, ದನಿ ತಗ್ಗಿಸಿದರು. "ನಿಜ ಹೇಳು. ಬಾವಲಿ ನೋಡೋಕೆ ಯಾರಾದ್ರೂ ಇನ್ನೂರು ಮೈಲಿ ಒಬ್ಬಳೇ ಹೋಗ್ತಾರೇನೇ?"

ನನ್ನನ್ನು ಬೆಳೆಸಿದ್ದು ಮೈಸೂರಿನ ಅಜ್ಜಿ, ಅನ್ನದ ಜೊತೆ ಕಥೆ ಕಲಸಿ. ಅವಳ ಕಥೆಗಳಲ್ಲಿ ರಾಜಕುಮಾರಿಯರು ಆಗಾಗ ಕಾಣೆಯಾಗುತ್ತಿದ್ದರು. ಕೊಳಕ್ಕೆ ಹೂ ಕೀಳಲು ಹೋದವಳನ್ನು ಸುಂಟರಗಾಳಿ ಎತ್ತಿಕೊಂಡು ಹೋಗುತ್ತಿತ್ತು. ಅರಮನೆಯಲ್ಲಿ ಅನ್ನ ಬೇಯುತ್ತಿರಲಿಲ್ಲ, ಡಂಗುರದವರು ಊರೂರಿಗೆ ಓಡುತ್ತಿದ್ದರು. ಒಮ್ಮೆ ನಾನು, ಅವಳು ಕೊಳಕ್ಕೆ ಯಾಕೆ ಹೋದಳು ಅಜ್ಜಿ ಎಂದು ಕೇಳಿದ್ದೆ. ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ಅಲ್ಲಿ ಹೂವಿತ್ತಲ್ಲ ಮರಿ" ಅಂದಿದ್ದಳು.

ಮೊಸರನ್ನ ತಿಂದೆ.

ಮಾರನೆಯ ದಿನದಿಂದ ಸೀರೆಯುಟ್ಟ ಹರ್ಷಿಣಿ ಎಲ್ಲೆಲ್ಲೂ ಕಾಣಿಸಿಕೊಂಡಳು. ಗ್ರೋಸರಿ ಅಂಗಡಿಗಳ ಬಾಗಿಲಲ್ಲಿ, ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಹೆದ್ದಾರಿಯ ಪಕ್ಕ ನಮ್ಮವರು ನಡೆಸುವ ಗ್ಯಾಸ್ ಸ್ಟೇಷನ್‌ಗಳಲ್ಲಿ. ಅಂಕಲ್ ಎಲ್ಲರಿಗೂ ಫೋನ್ ಮಾಡಿ, ಕಾರಿನಲ್ಲಿ ಹೋಗುವವರ ಕೈಗೆಲ್ಲ ಕಟ್ಟು ಕಟ್ಟು ಕೊಟ್ಟು ಕಳಿಸಿದ್ದರು. ನಾನು ಅಕ್ಕಿ ತರಲು ಹೋದಾಗ ಇಬ್ಬರು ಫ್ಲೈಯರಿನ ಮುಂದೆ ನಿಂತಿದ್ದರು.

"ಪಾಪ, ಎಷ್ಟು ಲಕ್ಷಣವಾಗಿದಾಳೆ."

"ಲಕ್ಷಣ ಎಲ್ಲಾ ಫೋಟೋದಲ್ಲಿ. ಒಬ್ಬಳೇ ಹೋಗಿದ್ಲಂತೆ. ಹೋಟೆಲಲ್ಲಿ ಉಳ್ಕೊಳ್ಳೋಕೆ."

"ಒಬ್ಬಳೇ ಅಂತ ಯಾರು ಹೇಳಿದ್ದು?"

ಇಬ್ಬರೂ ಮೆಲ್ಲಗೆ ನಕ್ಕರು. ನಾನು ಅಕ್ಕಿ ಬಿಟ್ಟು ಬಂದೆ.

ಮನೆಯಲ್ಲಿ ನನ್ನ ಆನ್ಸರಿಂಗ್ ಮೆಷಿನ್ ತುಂಬಿ ಹೋಗಿತ್ತು. ರೂಮ್‌ಮೇಟ್ ಆಗಿ ನಿಂಗೆ ಗೊತ್ತಿರ್ಲಿಲ್ವಾ? ನೀನೂ ಹೀಗೆಲ್ಲ ಒಬ್ಬಳೇ ಓಡಾಡಬೇಡ. ಬಾಯ್‌ಫ್ರೆಂಡ್ ಇದ್ನಾ? ಒಬ್ಬರು ಪೆಪ್ಪರ್ ಸ್ಪ್ರೇ ಎಲ್ಲಿ ಸಿಗುತ್ತೆ ಅಂತ ಹೇಳಿದ್ದರು. ಹರ್ಷಿಣಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಮುಚ್ಚಲು ನನಗೆ ಮನಸ್ಸಾಗಲಿಲ್ಲ, ಒಳಗೆ ನೋಡಲೂ ಆಗಲಿಲ್ಲ. ಸಿಂಕಿನಲ್ಲಿದ್ದ ಅವಳ ಕಾಫಿ ಲೋಟವನ್ನು ಮುಟ್ಟದೆ ನನ್ನ ಪಾತ್ರೆ ತೊಳೆಯುತ್ತಿದ್ದೆ.

ಶುಕ್ರವಾರ ಹ್ಯೂಸ್ಟನ್‌ನಿಂದ ಫೋನ್ ಬಂತು. ಅಲ್ಲೇ ಪಕ್ಕದ ಮಿಸೌರಿ ಸಿಟಿ ಅನ್ನುವ ಊರಿನ ಒಂದು ಮನೆಯಲ್ಲಿ ಅವಳನ್ನು ಕಂಡವರಿದ್ದಾರಂತೆ. ಹೊರಗೆ ಬರುವುದೇ ಇಲ್ಲವಂತೆ, ಕಿಟಕಿಯಲ್ಲಿ ನಿಂತು ಅಳುತ್ತಿರುತ್ತಾಳಂತೆ. ಅಂಕಲ್ ಆಫೀಸಿಗೆ ರಜೆ ಹಾಕಿ ನನ್ನನ್ನು ಕೂರಿಸಿಕೊಂಡು ಹೊರಟರು. ಅವರ ಒಳ್ಳೆಯತನದಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ದಾರಿಯಲ್ಲಿ ಒಂದೇ ಸಲ ಬಾಯಿ ಬಿಟ್ಟರು. "ನಂಗೂ ಒಬ್ಬ ಮಗಳಿದಾಳೆ ನೋಡು. ಇನ್ಮೇಲೆ ಕಾಲೇಜ್ ಆದ್ರೂ ಅಷ್ಟೆ, ಮನೆಯಿಂದಾನೇ ಹೋಗ್ಬೇಕು."

ಆ ಮನೆಯ ಬಾಗಿಲು ತೆರೆದವಳಿಗೆ ಮೊಳಕಾಲುದ್ದದ ಜಡೆಯಿತ್ತು, ಹಣೆಯಲ್ಲಿ ಕುಂಕುಮವಿತ್ತು. ಫ್ಲೈಯರಿನ ಹರ್ಷಿಣಿಯೇ ಬಂದು ನಿಂತ ಹಾಗೆ ಒಂದು ಕ್ಷಣ ಕಂಡಿತು. ಆಮೇಲೆ ಅವಳು ಹೆದರಿದ ಕಣ್ಣೆತ್ತಿ ನೋಡಿದಳು. ತಮಿಳಿನ ಹುಡುಗಿ, ಮದುವೆಯಾಗಿ ಬಂದು ಎರಡು ತಿಂಗಳಾಗಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ಊರು ನೆನೆಸಿಕೊಂಡು ಕಿಟಕಿಯಲ್ಲಿ ನಿಲ್ಲುತ್ತಿದ್ದಳು, ಅಷ್ಟೆ. ನಮ್ಮ ಕೈಯ ಕಾಗದವನ್ನು ಇಸಿದುಕೊಂಡು ತುಂಬ ಹೊತ್ತು ನೋಡಿ ಇಂಗ್ಲಿಷಿನಲ್ಲಿ ಅಂದಳು: "ಇವಳು ನನ್ನ ಹಾಗೇ ಇದ್ದಾಳಲ್ಲ."

ಅವಳ ಮಾತು ನಿಜ. ಫ್ಲೈಯರಿನಲ್ಲಿದ್ದವಳು ಇವಳೇ. ಇಡೀ ಟೆಕ್ಸಸ್ ಕಣ್ಣಿಟ್ಟು ಹುಡುಕುತ್ತಿದ್ದುದು ಇಂಥ ಹುಡುಗಿಯನ್ನು. ಹರ್ಷಿಣಿಯನ್ನು ಯಾರೂ ಇನ್ನೂ ಹುಡುಕಲು ಶುರು ಮಾಡಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಫೋನ್ ಕಾರ್ಡಿನ ನಂಬರುಗಳನ್ನೆಲ್ಲ ಒತ್ತಿ ಧಾರವಾಡಕ್ಕೆ ಮಾಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು. ಹರ್ಷಿಣಿಯ ತಾಯಿ ಶಿವಬಸವ್ವನವರೇ ತೆಗೆದರು.

"ಸಿಕ್ಕಳೇನವಾ?"

"ಇನ್ನೂ ಇಲ್ಲ ಅಮ್ಮ. ಒಂದು ಮಾತು ಕೇಳಬೇಕಿತ್ತು. ನಾವು ಹಾಕಿರೋ ಫೋಟೋ ಹಳೇದು. ಹರ್ಷಿಣಿ ಬೇಸಿಗೇಲಿ ಕೂದಲು ಕತ್ತರಿಸಿಕೊಂಡಳು. ತುಂಬಾ ಗಿಡ್ಡ."

ಆ ಕಡೆ ಅವರು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಪ್ರತೀ ಸಲ ಫೋನಿನ್ಯಾಗ ತಲಿಗೆ ಎಣ್ಣಿ ಹಚ್ಚಿಕೋ ಅಂತಿದ್ದೆ. ಹಚ್ಚಿಕೊಂಡೀನವ್ವಾ ಅಂತಿದ್ಲು" ಅಂದರು. "ಎಷ್ಟ ಗಿಡ್ಡ? ಕಿವಿ ಕಾಣಸ್ತಾವೇನು?"

"ಕಾಣುತ್ತೆ."

"ಎಡಗಿವಿ ಹಿಂದ ಹುಣಸಿ ಬೀಜದಷ್ಟ ಮಚ್ಚಿ ಐತಿ. ಕೂದ್ಲ ಇದ್ದಾಗ ನನಗೊಬ್ಬಾಕಿಗೇ ಗೊತ್ತಿತ್ತು. ಈಗ ಎಲ್ಲಾರಿಗೂ ಕಾಣಸ್ತದಲ್ಲ? ಅದನ್ನ ಹಾಕವಾ, ಆ ಫೋಟೋನ ಹಾಕು."

ಪೂರ್ತಿ ಹೇಳದೆ ಅಂಟಿಸುವುದು ನನಗೆ ಬೇಡವಾಗಿತ್ತು. "ಅದರಲ್ಲಿ ಕೈಯಲ್ಲಿ ಬಿಯರ್ ಇದೆ ಅಮ್ಮ. ಪಕ್ಕದಲ್ಲಿ ಒಬ್ಬ ಹುಡುಗ ಇದ್ದಾನೆ. ಇಲ್ಲಿ ಎಲ್ಲಾ ಮಾತಾಡ್ತಾರೆ."

"ನೋಡವಾ" ಅಂದರು. "ಬೈಯೂದಿದ್ರ ಅಕಿ ಬಂದ ಮ್ಯಾಲೆ ನಾನಽ ಬೈತೀನಿ. ಬಡದಽ ಬಡೀತೀನಿ. ಮೊದಲ ಬರ್ಲಿ."

ಅಂಕಲ್‌ಗೆ ಹೇಳಿದೆ. ಅವರು ಸ್ಕ್ಯಾನ್ ಮಾಡಿ ಪ್ರಿಂಟ್ ಕೊಡುತ್ತೇನೆ ಅಂದರು. ಆಂಟಿ ಹಿಂದಿನಿಂದ ಏನೋ ಅಂದರು. ಅಂಕಲ್ ಮತ್ತೆ ಬಾಯಿ ತೆರೆದರು. "ಒಂದು ಮಾತು ಶ್ರಾವಣಿ. ಇದರಲ್ಲಿ ಸಂಘದ ಹೆಸರು ಬೇಡಮ್ಮ. ನಿನ್ನ ನಂಬರ್ ಮಾತ್ರ ಹಾಕ್ಕೋ."

ಹಾಗೆ ನಾನು ಒಬ್ಬಳೇ, ಒಂದು ಟೇಪ್ ರೋಲ್ ಇಟ್ಟುಕೊಂಡು, ಆಸ್ಟಿನ್ ಕಡೆಯ ಐ-35 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟೆ. ಎಕ್ಸಿಟ್ ಸಿಕ್ಕಲ್ಲೆಲ್ಲ ಇಳಿದೆ. ಕೆಲವರು ಅಂಟಿಸಲು ಬಿಟ್ಟರು, ಕೆಲವರು ಬಿಡಲಿಲ್ಲ. ರಸ್ತೆಯ ಎರಡೂ ಕಡೆ ಒಣಹುಲ್ಲು, ಅಲ್ಲೊಂದು ಇಲ್ಲೊಂದು ದನ, ಮೇಲೆ ಯಾರಿಗೂ ಸೇರದ ಅಷ್ಟಗಲ ಆಕಾಶ. ಅದೇ ದಾರಿಯಲ್ಲಿ ಹರ್ಷಿಣಿ ಹಾಡು ಹಾಕಿಕೊಂಡು ಹೋಗಿರುತ್ತಾಳೆ ಅನ್ನಿಸಿ ನಾನೂ ರೇಡಿಯೋ ಹಾಕಿದೆ. ಆಗಲಿಲ್ಲ, ಆರಿಸಿಬಿಟ್ಟೆ.

ಅರ್ಧ ದಾರಿಯಲ್ಲಿ ವೇಕೋ ಊರು ದಾಟಿದ ಮೇಲೆ ಒಂದು ಸಣ್ಣ ಗ್ಯಾಸ್ ಸ್ಟೇಷನ್. ಕೌಂಟರಿನಲ್ಲಿ ಗುಜರಾತಿನ ಹೆಂಗಸು, ತಲೆಯ ಮೇಲೆ ಸೆರಗು, ಸೀರೆಯ ಮೇಲೊಂದು ಟೀ ಶರ್ಟು. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ನಮ್ಮ ಸೀರೆಯ ಹರ್ಷಿಣಿ ಆಗಲೇ ಇದ್ದಳು. ಡಾಲಸ್‌ನ ಯಾರೋ ಬುಧವಾರವೇ ಕೊಟ್ಟು ಹೋಗಿದ್ದರಂತೆ.

ನಾನು ಹೊಸ ಕಾಗದ ಮುಂದಿಟ್ಟು ಹಿಂದಿಯಲ್ಲಿ, "ಇದೂ ಅವಳೇ. ಈಗ ಹೀಗಿದ್ದಾಳೆ" ಅಂದೆ.

ಆಕೆ ಕಾಗದ ನೋಡಿದಳು. ತಿರುಗಿ ಗೋಡೆ ನೋಡಿದಳು. ಮತ್ತೆ ಕಾಗದ ನೋಡಿದಳು.

"ಅರೇ, ಇವಳಾ? ಇವಳು ಬಂದಿದ್ದಳಲ್ಲ! ಭಾನುವಾರ ಬೆಳಿಗ್ಗೆ. ನೀಲಿ ಕಾರು."

ಕಾಗದವನ್ನು ಅವಳತ್ತ ಇನ್ನಷ್ಟು ಸರಿಸಿದೆ.

"ಇಲ್ಲೇ ನಿಂತು ಕಾಫಿ ಕುಡಿದಳು, ಒಂದು ಬಾಳೆಹಣ್ಣು ತಿಂದಳು. ನಾನೇ ಕೇಳಿದೆ, ಬೇಟಾ, ಒಬ್ಬಳೇ ಯಾಕೆ ಇಷ್ಟು ದೂರ, ಹುಡುಗಿಯರು ಹೀಗೆ ಓಡಾಡಬಾರದು ಅಂತ. ನಕ್ಕುಬಿಟ್ಟಳು. ಬಾವಲಿ ನೋಡಿ ಬಂದೆ, ಈಗ ಮನೆಗೆ ಅಂದಳು. ಹೆದ್ದಾರಿಯಲ್ಲಿ ಆಕ್ಸಿಡೆಂಟ್ ಆಗಿ ಟ್ರಾಫಿಕ್ ನಿಂತಿತ್ತು. ಒಳದಾರಿ ಯಾವುದು ಅಂತ ಕೇಳಿದಳು, ನಾನೇ ತೋರಿಸಿದೆ." ಆಕೆಯ ಕೈ ಗಾಜಿನಾಚೆಗಿನ ರಸ್ತೆಯೊಂದನ್ನು ತೋರಿಸುತ್ತ ಅಲ್ಲೇ ನಿಂತಿತು. ಮುಖ ಸಣ್ಣದಾಯಿತು. "ಬುಧವಾರದಿಂದ ಇದು ನನ್ನ ತಲೆಯ ಹಿಂದೆ ಇದೆ. ದಿನಾ ಧೂಳು ಹೊಡೆದಿದ್ದೇನೆ. ಆದರೆ ಇದು ಅವಳಲ್ಲ. ಇದು ಬೇರೆ ಯಾರೋ."

ಪೊಲೀಸರು ಅಷ್ಟೂ ದಿನ ಕೇಳುತ್ತಿದ್ದುದು ಆಸ್ಟಿನ್‌ನಲ್ಲಿ, ಅವಳು ಅಲ್ಲೇ ಯಾರ ಜೊತೆಗೋ ಉಳಿದುಬಿಟ್ಟಿದ್ದಾಳೆ ಅಂದುಕೊಂಡು. ಅವಳು ಹೇಳಿದ ಮಾತಿನ ಹಾಗೆ ಮನೆಗೆ ಬರುತ್ತಿದ್ದಳು.

ಫೋನ್ ಮಾಡಿದ ಮೇಲೆ ಅಲ್ಲಿನ ಪೊಲೀಸರು, ಶೆರಿಫ್ ಆಫೀಸಿನವರು, ಬಂದರು. ಅಂಗಡಿಯ ಕ್ಯಾಮೆರಾದ ಟೇಪು ತೆಗೆದುಕೊಂಡರು. ಒಬ್ಬ ಅಧಿಕಾರಿ ಹೊಸ ಫೋಟೋ ಹಿಡಿದು ಕಿವಿಯ ಮಚ್ಚೆಯ ಬಗ್ಗೆ ಕೇಳಿದ, ಕಾರಿನ ಯಾವ ಬಾಗಿಲು ನೆಗ್ಗಿದೆ ಅಂತ ಕೇಳಿದ. ಯಾಕೆ ಒಬ್ಬಳೇ ಹೋದಳೆಂದು ಕೇಳಲಿಲ್ಲ. ಆ ಒಳದಾರಿ ಮೈಲಿಗಟ್ಟಲೆ ಹೊಲ, ಹಳ್ಳಗಳ ನಡುವೆ ಹೋಗುತ್ತದೆ, ಅಲ್ಲಿ ಸೆಲ್ ಫೋನಿಗೆ ಸಿಗ್ನಲ್ ಸಿಗುವುದಿಲ್ಲ ಅಂದ. ಅವರ ಎರಡು ಕಾರುಗಳು ಅತ್ತ ತಿರುಗಿದವು. ಹೆಲಿಕಾಪ್ಟರಿಗೂ ಹೇಳಿದ್ದೇವೆ ಅಂದರು.

ನಾನು ಹೊರಗಿನ ಪೇ ಫೋನಿನಿಂದ ಧಾರವಾಡಕ್ಕೆ ಮಾಡಿದೆ. ಶಿವಬಸವ್ವನವರು ಮೊದಲ ರಿಂಗಿಗೇ ತೆಗೆದರು. ಕಂಡವರು ಸಿಕ್ಕಿದ್ದಾರೆ, ಹೋದ ದಾರಿ ಗೊತ್ತಾಗಿದೆ, ಹುಡುಕಲು ಹೋಗಿದ್ದಾರೆ ಅಂದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಇಷ್ಟೇ:

"ಏನರ ತಿಂದಿದ್ಲಂತೇನು?"

"ಕಾಫಿ ಕುಡಿದಳಂತೆ. ಬಾಳೆಹಣ್ಣು ತಿಂದಳಂತೆ."

"ಒಬ್ಬಾಕೀನ ನಿಂತು ತಿಂದ್ಲೇನವಾ?"

ಇಷ್ಟು ದಿನದಲ್ಲಿ ಒಬ್ಬಳೇ ಅನ್ನುವ ಆ ಪದವನ್ನು ಬೈಗುಳವಾಗಿಸದೆ ಕೇಳಿದವರು ಅವರೊಬ್ಬರೇ. ನಾನು ಗಾಜಿನ ಬಾಗಿಲಿನಾಚೆ ನೋಡಿದೆ. ಅಂಗಡಿಯಾಕೆ ಸ್ಟೂಲು ಹತ್ತಿ ಹಳೆಯ ಕಾಗದವನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು.

"ಇಲ್ಲ ಅಮ್ಮ. ಇಲ್ಲೊಬ್ಬರು ಜೊತೆಗಿದ್ದರು, ಮಾತಾಡಿಸಿದ್ದಾರೆ. ಅವಳು ನಕ್ಕಳಂತೆ."

ಫೋನ್ ಕಾರ್ಡಿನ ಹೆಣ್ಣುದನಿ ನಡುವೆ ಬಂದು ಇನ್ನೊಂದೇ ನಿಮಿಷ ಉಳಿದಿದೆ ಅಂತು. ಇಬ್ಬರೂ ಫೋನ್ ಇಡಲಿಲ್ಲ. ಆ ನಿಮಿಷವನ್ನು ಮಾತಿಲ್ಲದೆ ಪೂರ್ತಿ ಕಳೆದೆವು. ಆಮೇಲೆ ನಾನು ಕಾರಿಗೆ ಹೋಗಿ, ಶೆರಿಫ್ ಆಫೀಸಿನವರ ಕಾರುಗಳು ಎಬ್ಬಿಸಿದ ಧೂಳು ಇನ್ನೂ ಇಳಿಯದ ಆ ರಸ್ತೆಗೆ ತಿರುಗಿಸಿದೆ.